ಹಳೆಯ ಟೆಕ್ಕನ್, ಹೊಸ ಟೆಕ್ಕನ್: ರೀಮಾಸ್ಟರ್ ಆದ ಫೈಟಿಂಗ್ ಗೇಮನ್ನು ಮೂಲದೊಡನೆ ಹೋಲಿಸುವ ಕ್ರಮ

ಜೂನ್‌ನಲ್ಲಿ ಹಿಡಿದ ಮಳೆ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಸ್ವಲ್ಪ ಬಿಡುವು ಕೊಡುತ್ತದೆ. ಆ ದಿನಗಳಲ್ಲಿ ಮೈಸೂರು, ಬೆಂಗಳೂರುಗಳಿಂದ ಬಂದ ಸೋದರ ಸಂಬಂಧಿಗಳು ನಮ್ಮ ಮನೆಯ ಟಿವಿಯ ಮುಂದೆ ಕುಳಿತು ಆಡುವುದು ಟೆಕ್ಕನ್ ಟ್ಯಾಗ್ ಟೂರ್ನಮೆಂಟ್ ಎಂಬ ಹೊಡೆದಾಟದ ವಿಡಿಯೊ ಗೇಮ್. ಪ್ಲೇಸ್ಟೇಷನ್ 2ಕ್ಕೆ 2000ದಲ್ಲಿ ಬಂದ ಡಿಸ್ಕೂ ನಮ್ಮಲ್ಲಿದೆ. ಪ್ಲೇಸ್ಟೇಷನ್ 3ಕ್ಕೆ 2011ರಲ್ಲಿ ಟೆಕ್ಕನ್ ಹೈಬ್ರಿಡ್ ಎಂಬ ಹೆಸರಿನ ಡಿಸ್ಕಿನೊಳಗೆ ಸೇರಿ ಬಂದ ಅದೇ ಆಟದ ಎಚ್‌ಡಿ ರೂಪವೂ, ಅಂದರೆ ಚಿತ್ರವನ್ನು ಸ್ಪಷ್ಟಗೊಳಿಸಿ ಮತ್ತೆ ತಂದ ರೀಮಾಸ್ಟರ್ ಕೂಡ ಇದೆ. ಹೊಸದನ್ನು ಹಾಕಿದ ಮೊದಲ ವರ್ಷ ಚಿಕ್ಕಪ್ಪನ ಮಗ ಹತ್ತು ನಿಮಿಷ ಆಡಿ, ಕಂಟ್ರೋಲರನ್ನು ಚಾಪೆಯ ಮೇಲಿಟ್ಟು, "ಅಣ್ಣಾ, ಹಳೇದ್ರಲ್ಲಿ ಹತ್ತಕ್ಕೆ ಏಳು ಎಲೆಕ್ಟ್ರಿಕ್ ಬೀಳ್ತಿತ್ತು, ಇದ್ರಲ್ಲಿ ಎರಡೂ ಬೀಳ್ತಿಲ್ಲ" ಎಂದ. ಎಲೆಕ್ಟ್ರಿಕ್ ಎಂದರೆ ಈ ಆಟದಲ್ಲಿ ಸಮಯವನ್ನು ಕರಾರುವಾಕ್ಕಾಗಿ ಹಿಡಿದರೆ ಮಾತ್ರ ಬೀಳುವ ಮಿಂಚಿನ ಗುದ್ದು. ಚಿತ್ರ ನೋಡಿದ ಉಳಿದವರೆಲ್ಲರೂ ಹೊಸದೇ ಚೆನ್ನಾಗಿದೆ ಎನ್ನುತ್ತಿದ್ದರು. ನಾನು ಅವನ ಕೈಯನ್ನು ನಂಬಿ, ರೀಮಾಸ್ಟರ್ ಕೆಟ್ಟದ್ದು ಎಂದು ತೀರ್ಮಾನಿಸಿದೆ. ಎರಡು ಮಳೆಗಾಲ ಕಳೆದ ಮೇಲೆ ಗೊತ್ತಾದದ್ದೇನೆಂದರೆ, ಅವನ ಕೈ ಹೇಳಿದ್ದು ನಿಜವೇ ಆಗಿತ್ತು. ಆದರೆ ತಪ್ಪು ಆಟದ್ದಲ್ಲ, ಟಿವಿಯ ಸೆಟ್ಟಿಂಗಿನದು. ಒಂದು ಒಳ್ಳೆಯ ಆಟದ ಮೇಲೆ ಹಾಗೆ ಅನ್ಯಾಯದ ಮಾತಾಡಿದ್ದು ನನಗೆ ಇವತ್ತಿಗೂ ಬೇಸರದ ಸಂಗತಿ. ಆ ತಪ್ಪು ಬೇರೆಯವರಿಗೆ ಆಗದಿರಲೆಂದು, ಎರಡು ಆವೃತ್ತಿಗಳನ್ನು ಹೋಲಿಸುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಫೈಟಿಂಗ್ ಗೇಮನ್ನು ಕಣ್ಣಿಗಿಂತ ಮೊದಲು ಕೈಯಿಂದ ಅಳೆಯಬೇಕು. ಕಥೆ ಹೇಳುವ ಆಟವೊಂದನ್ನು ಹೊಸ ಚಿತ್ರದೊಂದಿಗೆ ತಂದರೆ, ಚಿತ್ರ ಚೆನ್ನಾಗಿದ್ದರೆ ಬಹುಪಾಲು ಕೆಲಸ ಮುಗಿದಂತೆ. ಹೊಡೆದಾಟದ ಆಟದಲ್ಲಿ ಹಾಗಲ್ಲ. ಇಲ್ಲಿ ಆಟ ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮ್‌ಗಳಂತೆ ಓಡುತ್ತದೆ. ಒಂದು ಫ್ರೇಮ್ ಎಂದರೆ ಪರದೆಯ ಮೇಲೆ ಬರುವ ಒಂದು ಚಿತ್ರ, ಸುಮಾರು 16.7 ಮಿಲಿಸೆಕೆಂಡು, ಗೆಲುವು ಸೋಲುಗಳು ಇಂಥ ಎರಡು ಮೂರು ಫ್ರೇಮ್‌ಗಳ ಅಂತರದಲ್ಲಿ ನಿಂತಿರುತ್ತವೆ. ಮಣ್ಣಿನ ಮೈದಾನದಲ್ಲಿ ಹಾಕಿ ಆಡಿ ಬೆಳೆದ ನಮ್ಮೂರಿನ ಹುಡುಗರು ಮೊದಲ ಸಲ ಟರ್ಫ್ ಮೇಲೆ ನಿಂತಾಗ ಇದೇ ಅನುಭವವಾಗುತ್ತದೆ: ಕೋಲು ಅದೇ, ಚೆಂಡು ಅದೇ, ನಿಯಮವೂ ಅದೇ, ಆದರೆ ಕೋಲು ಇಡುವಷ್ಟರಲ್ಲಿ ಚೆಂಡು ದಾಟಿ ಹೋಗಿರುತ್ತದೆ.

ಮೊದಲ ಹಂತ: ಹೋಲಿಸುತ್ತಿರುವುದು ಯಾವುದನ್ನು ಎಂದು ಗೊತ್ತುಮಾಡಿಕೊಳ್ಳಿ

"ಹಳೆಯ ಆವೃತ್ತಿ" ಎಂಬ ಮಾತು ಕೇಳಿದಷ್ಟು ಸರಳವಲ್ಲ. ವರ್ಚುವಾ ಫೈಟರ್ 5 ಇದಕ್ಕೆ ಒಳ್ಳೆಯ ಉದಾಹರಣೆ. ಅದು 2006ರಲ್ಲಿ ಜಪಾನಿನ ಆರ್ಕೇಡ್‌ಗಳಿಗೆ, ಅಂದರೆ ನಾಣ್ಯ ಹಾಕಿ ಆಡುವ ಗೇಮ್ ಕೇಂದ್ರಗಳಿಗೆ ಬಂತು. 2007ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂದದ್ದು ಅದರ ಬಿ ಆವೃತ್ತಿ, ಅದೇ ವರ್ಷ ಎಕ್ಸ್‌ಬಾಕ್ಸ್ 360ಕ್ಕೆ ಬಂದದ್ದು ಸಿ ಆವೃತ್ತಿ. ಆನ್‌ಲೈನ್ ಆಟ ಇದ್ದದ್ದು ಎರಡನೆಯದರಲ್ಲಿ ಮಾತ್ರ. ಅನಂತರ ಫೈನಲ್ ಶೋಡೌನ್ ಎಂಬ ಪರಿಷ್ಕೃತ ಆವೃತ್ತಿ 2010ರಲ್ಲಿ ಆರ್ಕೇಡಿಗೂ 2012ರಲ್ಲಿ ಮನೆಯ ಕನ್ಸೋಲ್‌ಗಳಿಗೂ ಬಂತು. 2021ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದ ಅಲ್ಟಿಮೇಟ್ ಶೋಡೌನ್ ಈ ಫೈನಲ್ ಶೋಡೌನನ್ನು ಆಧರಿಸಿದ್ದೇ ಹೊರತು 2007ರ ಡಿಸ್ಕನ್ನಲ್ಲ. ಆದ್ದರಿಂದ ಅಟ್ಟದ ಮೇಲಿನ 2007ರ ಡಿಸ್ಕನ್ನು ಇಳಿಸಿ, 2021ರದರೊಂದಿಗೆ ಹೋಲಿಸಿ, "ರೀಮಾಸ್ಟರ್‌ನಲ್ಲಿ ಹೊಡೆತಗಳನ್ನೇ ಬದಲಿಸಿಬಿಟ್ಟಿದ್ದಾರೆ" ಎನ್ನುವುದು ನಡುವಿನ ಪರಿಷ್ಕರಣೆಗಳ ಫಲವನ್ನು ರೀಮಾಸ್ಟರ್‌ನ ತಲೆಗೆ ಕಟ್ಟಿದಂತಾಗುತ್ತದೆ. ಡಿಸ್ಕಿನ ಹಿಂಬದಿ, ಆಟದ ಆರಂಭದ ಪರದೆ, ಆಯ್ಕೆಗಳ ಪುಟ, ಈ ಮೂರು ಕಡೆ ಆವೃತ್ತಿಯ ಹೆಸರು ಹುಡುಕಿ ಒಂದು ಕಾಗದದಲ್ಲಿ ಬರೆದುಕೊಂಡ ಮೇಲೆಯೇ ಮುಂದಕ್ಕೆ ಹೋಗಿ.

ಎರಡನೆಯ ಹಂತ: ಹಳೆಯ ಡಿಸ್ಕನ್ನು ಆಡುವ ಸ್ಥಿತಿಗೆ ತನ್ನಿ

ಮಡಿಕೇರಿಯ ಕಡೆಯ ಮನೆಗಳಲ್ಲಿ ಮಳೆಗಾಲ ಕಳೆದ ಮೇಲೆ ಚರ್ಮದ ಬೆಲ್ಟು, ಚಪ್ಪಲಿಗಳಂತೆಯೇ ಡಿಸ್ಕಿನ ಮೇಲೂ ಬೂಷ್ಟಿನ ತೆಳುವಾದ ಪದರ ಕಾಣಿಸಿಕೊಳ್ಳುತ್ತದೆ. ಮೃದುವಾದ ಹತ್ತಿಯ ಬಟ್ಟೆಯನ್ನು ಸ್ವಲ್ಪವೇ ಒದ್ದೆಮಾಡಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಒರೆಸಿದರೆ ಬೀಳುವ ಗೀರು ದತ್ತಾಂಶದ ಜಾಡಿನ ಉದ್ದಕ್ಕೂ ಬಿದ್ದು ಓದುವಿಕೆಗೆ ಹೆಚ್ಚು ತೊಂದರೆ ಕೊಡುತ್ತದೆ. ಬೇಗ ಒಣಗಲೆಂದು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಮೆಣಸಿಗೂ ಹುಣಸೆಗೂ ಅದು ಸರಿಯಾದ ಜಾಗ, ಡಿಸ್ಕಿಗೆ ಅಲ್ಲಿನ ಹೊಗೆಯೂ ಕಾವೂ ಎರಡೂ ಹಾನಿ. ಕಂಟ್ರೋಲರ್‌ನ ಬಟನ್‌ಗಳ ಅಡಿಯ ರಬ್ಬರ್ ತೇವಕ್ಕೆ ಅಂಟಿಕೊಂಡಿದ್ದರೆ ಒತ್ತಿದ್ದು ತಡವಾಗಿ ತಗಲುತ್ತದೆ ಅಥವಾ ತಗಲುವುದೇ ಇಲ್ಲ. ಪ್ರತಿಯೊಂದು ಬಟನನ್ನೂ ಇಪ್ಪತ್ತು ಸಲ ಒತ್ತಿ ನೋಡಿ, ಎಲ್ಲವೂ ಆಟದಲ್ಲಿ ದಾಖಲಾಗುತ್ತಿವೆಯೇ ಎಂದು ಖಚಿತಪಡಿಸಿಕೊಳ್ಳಿ.

ಮೂರನೆಯ ಹಂತ: ವೇಗ ಒಂದೇ ಇದೆಯೇ ಎಂದು ಗಡಿಯಾರದಿಂದ ನೋಡಿ

ನಮ್ಮ ದೇಶದಲ್ಲಿ ಬಹುಪಾಲು ಜನ ಮರೆಯುವ ಹಂತ ಇದು. ಭಾರತದ ಹಳೆಯ ಟಿವಿ ಪದ್ಧತಿ ಪಾಲ್. ಅದರ ಚಿತ್ರ ಸೆಕೆಂಡಿಗೆ 50 ಸಲ ಬದಲಾಗುತ್ತದೆ. ಜಪಾನ್ ಮತ್ತು ಅಮೆರಿಕದ ಟಿವಿಗಳದು 60. ಪ್ಲೇಸ್ಟೇಷನ್ 2ರ ಕಾಲದಲ್ಲಿ ನಮ್ಮಲ್ಲಿ ಅಧಿಕೃತವಾಗಿ ಮಾರಾಟವಾದ ಡಿಸ್ಕ್‌ಗಳು ಪಾಲ್ ಪದ್ಧತಿಯವು. 60ಕ್ಕೆಂದು ರಚಿಸಿದ ಆಟವನ್ನು ವೇಗ ಸರಿಪಡಿಸದೆ 50ರಲ್ಲಿ ಓಡಿಸಿದರೆ ಇಡೀ ಆಟವೇ ಆರರಲ್ಲಿ ಒಂದು ಪಾಲಿನಷ್ಟು ನಿಧಾನವಾಗುತ್ತದೆ. ಅಂಥ ಡಿಸ್ಕಿನಲ್ಲಿ ವರ್ಷಗಟ್ಟಲೆ ಪಳಗಿದ ಕೈಗೆ ರೀಮಾಸ್ಟರ್ ವಿಪರೀತ ವೇಗವೆನಿಸುವುದು ಸಹಜ. ಆದರೆ ಆ ವೇಗವೇ ಆಟದ ಮೂಲ ವೇಗ.

ಪರೀಕ್ಷೆ ಸುಲಭ. ಎರಡೂ ಆವೃತ್ತಿಗಳಲ್ಲಿ ಸುತ್ತಿನ ಸಮಯದ ಮಿತಿಯನ್ನು ಒಂದೇ ಸಂಖ್ಯೆಗೆ ಇರಿಸಿ, ಇಬ್ಬರು ಆಟಗಾರರ ಪಂದ್ಯ ಆರಂಭಿಸಿ, ಯಾರೂ ಏನನ್ನೂ ಒತ್ತದೆ ಎಣಿಕೆ ಸೊನ್ನೆಗೆ ಬರುವವರೆಗೂ ಫೋನಿನ ಸ್ಟಾಪ್‌ವಾಚ್ ಓಡಿಸಿ. ಫೈಟಿಂಗ್ ಗೇಮ್‌ಗಳ ಎಣಿಕೆ ಅನೇಕ ವೇಳೆ ನಿಜವಾದ ಸೆಕೆಂಡುಗಳಿಗೆ ಹೊಂದುವುದಿಲ್ಲ. ಆದ್ದರಿಂದ ಬಂದ ಸಮಯವನ್ನು ಗಡಿಯಾರದೊಂದಿಗಲ್ಲ, ಒಂದು ಆವೃತ್ತಿಯದನ್ನು ಇನ್ನೊಂದರದರೊಂದಿಗೆ ಹೋಲಿಸಬೇಕು. ಒಂದರಲ್ಲಿ 60 ಸೆಕೆಂಡು, ಇನ್ನೊಂದರಲ್ಲಿ 72 ಸೆಕೆಂಡು ಬಂದರೆ ಅದು 50 ಮತ್ತು 60ರ ವ್ಯತ್ಯಾಸವೇ ಎಂದು ತಿಳಿಯಿರಿ. ಕೆಲವು ಪಾಲ್ ಡಿಸ್ಕ್‌ಗಳು ಆರಂಭದಲ್ಲಿ ಅಥವಾ ಆಯ್ಕೆಗಳಲ್ಲಿ 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಸಲದ ವೇಗ, ಕೊಡುತ್ತವೆ. ಇದ್ದರೆ ಅದನ್ನೇ ಆರಿಸಿ. ಹಾಗೆ ಆರಿಸಿದಾಗ ಹಳೆಯ ಟಿವಿಯಲ್ಲಿ ಚಿತ್ರ ಮೇಲೆ ಕೆಳಗೆ ಉರುಳತೊಡಗಿದರೆ ಆ ಟಿವಿ 60 ಹರ್ಟ್ಜನ್ನು ಒಪ್ಪುತ್ತಿಲ್ಲವೆಂದು ಅರ್ಥ. ಆಯ್ಕೆಯೇ ಇಲ್ಲದಿದ್ದರೆ, ಮುಂದಿನ ಎಲ್ಲ ಅಳತೆಗಳ ಪಕ್ಕದಲ್ಲಿಯೂ "ಹಳೆಯದು ನಿಧಾನ" ಎಂದು ಬರೆದಿಟ್ಟುಕೊಳ್ಳಬೇಕಾಗುತ್ತದೆ.

ನಾಲ್ಕನೆಯ ಹಂತ: ಟಿವಿಯ ವಿಳಂಬವನ್ನು ಆಟದ ವಿಳಂಬದಿಂದ ಬೇರ್ಪಡಿಸಿ

ನನ್ನ ತೀರ್ಮಾನ ಹಾದಿ ತಪ್ಪಿದ್ದು ಇಲ್ಲಿ. ನಮ್ಮ ಹಳೆಯ ಕನ್ಸೋಲ್ ದಪ್ಪ ಗಾಜಿನ ಪಿಕ್ಚರ್ ಟ್ಯೂಬ್ ಟಿವಿಗೆ ಹಳದಿ, ಬಿಳಿ, ಕೆಂಪು ವೈರ್‌ಗಳಲ್ಲಿ ಸೇರಿತ್ತು. ಹೊಸದು ಗೋಡೆಯ ಎಲ್‌ಸಿಡಿಗೆ ಎಚ್‌ಡಿಎಂಐ ಮೂಲಕ ಸೇರಿತ್ತು. ಪಿಕ್ಚರ್ ಟ್ಯೂಬ್ ಟಿವಿ ಬಂದ ಸಂಕೇತವನ್ನು ಬಂದ ಹಾಗೆಯೇ ತೋರಿಸುತ್ತದೆ. ಎಲ್‌ಸಿಡಿ ಹಾಗಲ್ಲ, ಸಿನಿಮಾ ಮೋಡ್‌ನಲ್ಲಿದ್ದರೆ ಬಣ್ಣ ತಿದ್ದಿ, ಚಲನೆಯನ್ನು ನಯಗೊಳಿಸಿ, ಆಮೇಲೆ ತೋರಿಸುತ್ತದೆ. ಇಷ್ಟೆಲ್ಲ ಆಗುವಾಗ ಹಲವು ಫ್ರೇಮ್‌ಗಳು ಕಳೆದುಹೋಗಿರುತ್ತವೆ. ಟಿವಿಯ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಆರಿಸಿ, ಚಲನೆ ನಯಗೊಳಿಸುವ ಆಯ್ಕೆಗಳನ್ನು ಒಂದೊಂದಾಗಿ ಆಫ್ ಮಾಡಿದ ದಿನ, ಚಿಕ್ಕಪ್ಪನ ಮಗ ಮಾತಿಲ್ಲದೆ ಅರ್ಧ ಗಂಟೆ ಆಡಿದ.

ಆದ್ದರಿಂದ ಹೋಲಿಕೆಯನ್ನು ಎರಡು ಸಲ ಮಾಡಿ. ಮೊದಲ ಸಲ ಎರಡು ಆವೃತ್ತಿಗಳನ್ನೂ ಒಂದೇ ಎಲ್‌ಸಿಡಿಯಲ್ಲಿ, ಗೇಮ್ ಮೋಡ್‌ನಲ್ಲಿ ಆಡಿ. ಎರಡನೆಯ ಸಲ ಹಳೆಯದನ್ನು ಪಿಕ್ಚರ್ ಟ್ಯೂಬ್ ಟಿವಿಯಲ್ಲಿಯೇ ಆಡಿ, ಏಕೆಂದರೆ ನಿಮ್ಮ ಕೈಗೆ ನೆನಪಿರುವುದು ಆ ಅನುಭವ. ಪ್ಲೇಸ್ಟೇಷನ್ 2ರ ಸಂಕೇತ ಗೆರೆ ಬಿಟ್ಟು ಗೆರೆ ಬರುವಂಥದ್ದು. ಎಲ್‌ಸಿಡಿ ಅದನ್ನು ಜೋಡಿಸಿ ಪೂರ್ಣ ಚಿತ್ರವಾಗಿಸಲು ತನ್ನದೇ ಸಮಯ ತೆಗೆದುಕೊಳ್ಳುತ್ತದೆಯಾದ್ದರಿಂದ ಮೊದಲ ಪರೀಕ್ಷೆಯಲ್ಲಿ ಹಳೆಯದಕ್ಕೇ ಅನ್ಯಾಯವಾಗುವ ಸಂಭವವಿದೆ. ಎರಡೂ ಪರೀಕ್ಷೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಮಾತ್ರ ಯಾವ ಪಾಲು ಯಾರದೆಂದು ತಿಳಿಯುತ್ತದೆ. ಬ್ಲೂಟೂತ್ ಸ್ಪೀಕರ್ ಇದ್ದರೆ ತೆಗೆದುಬಿಡಿ. ಹೊಡೆತದ ಸದ್ದು ಕೇಳಿ ಮುಂದಿನ ಬಟನ್ ಒತ್ತುವ ಆಟಗಾರನಿಗೆ ತಡವಾಗಿ ಬರುವ ಸದ್ದು ತಡವಾದ ಚಿತ್ರದಷ್ಟೇ ಕೆಡುಕು.

ಅಳೆಯುವುದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಈಗಿನ ಅನೇಕ ಫೋನ್‌ಗಳು ಸೆಕೆಂಡಿಗೆ 240 ಫ್ರೇಮ್‌ಗಳ ಸ್ಲೋ ಮೋಷನ್ ವಿಡಿಯೊ ತೆಗೆಯುತ್ತವೆ. ಅದರ ನಾಲ್ಕು ಫ್ರೇಮ್ ಆಟದ ಒಂದು ಫ್ರೇಮಿಗೆ ಸಮ. ಫೋನನ್ನು ಕಾಫಿ ಪುಡಿ ಡಬ್ಬಕ್ಕೆ ಒರಗಿಸಿ, ಕಂಟ್ರೋಲರ್ ಹಿಡಿದ ಹೆಬ್ಬೆರಳೂ ಹಿಂದಿನ ಟಿವಿಯೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ನಿಲ್ಲಿಸಿ. ಒಬ್ಬನೇ ಹೋರಾಟಗಾರನನ್ನು ಆರಿಸಿ, ಒಂದೇ ಎಡಗೈ ಗುದ್ದನ್ನು ಇಪ್ಪತ್ತು ಸಲ ಹೊಡೆಸಿ. ಅನಂತರ ವಿಡಿಯೊ ನಿಧಾನವಾಗಿ ಸರಿಸುತ್ತ, ಬಟನ್ ಕೆಳಗಿಳಿದ ಫ್ರೇಮಿನಿಂದ ತೋಳು ಪೂರ್ತಿ ನೆಟ್ಟಗಾದ ಫ್ರೇಮಿನವರೆಗೆ ಎಣಿಸಿ. ಟೆಕ್ಕನ್‌ನಲ್ಲಿ ಸುಮ್ಮನೆ ನಿಂತ ಹೋರಾಟಗಾರನೂ ತೂಗಾಡುತ್ತಿರುವುದರಿಂದ ಚಲನೆ ಶುರುವಾದ ಕ್ಷಣ ಗುರುತಿಸುವುದು ಕಷ್ಟ. ತೋಳು ನೆಟ್ಟಗಾಗುವುದು ಸ್ಪಷ್ಟವಾಗಿ ಕಾಣುತ್ತದೆ. ಗುದ್ದಿಗೆ ತಗಲುವ ಸಮಯ ಎರಡೂ ಎಣಿಕೆಯಲ್ಲಿ ಸೇರಿಕೊಂಡಿರುತ್ತದೆ, ನಮಗೆ ಬೇಕಾದದ್ದು ವ್ಯತ್ಯಾಸವಷ್ಟೆ. ಇಪ್ಪತ್ತು ಸಲ ಏಕೆಂದರೆ, ಆಟ ಬಟನನ್ನು ಗಮನಿಸುವುದು ಫ್ರೇಮಿಗೊಮ್ಮೆ. ನಿಮ್ಮ ಬೆರಳು ಆ ನಡುವಿನ ಯಾವ ಘಳಿಗೆಯಲ್ಲಿ ಬೀಳುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಸರಾಸರಿ ತೆಗೆದಾಗ ಆ ಏರುಪೇರು ಕಳೆಯುತ್ತದೆ.

ಐದನೆಯ ಹಂತ: ಕೈಯ ನೆನಪಿಗೆ ಪರೀಕ್ಷೆ ಕೊಡಿ

ಸಂಖ್ಯೆ ಏನೇ ಹೇಳಲಿ, ಕೊನೆಗೆ ಆಡುವುದು ಕೈ. ಪ್ರತಿಯೊಂದು ಆಟದಲ್ಲೂ ಸಮಯಕ್ಕೆ ಕಟ್ಟುನಿಟ್ಟಾದ ಒಂದು ಚಲನೆ ಇರುತ್ತದೆ, ಅದನ್ನೇ ಆರಿಸಿಕೊಳ್ಳಿ. ಟೆಕ್ಕನ್‌ನಲ್ಲಿ ಮಿಶಿಮಾ ಮನೆತನದ ಕಜುಯಾ, ಹೇಹಾಚಿ ಮತ್ತು ಜಿನ್ ಹೊಡೆಯುವ ಎಲೆಕ್ಟ್ರಿಕ್ ಅಂಥದ್ದು. ಮುಂದಕ್ಕೆ ಒತ್ತಿ ಬಿಟ್ಟು, ಕೆಳಕ್ಕೆ ಒತ್ತಿ, ಕೆಳಮುಂದಿನ ಮೂಲೆಗೆ ಬರುವ ಅದೇ ಫ್ರೇಮಿನಲ್ಲಿ ಬಲಗೈ ಗುದ್ದಿನ ಬಟನ್ ಬೀಳಬೇಕು. ಒಂದು ಫ್ರೇಮ್ ತಪ್ಪಿದರೂ ಸಾಧಾರಣ ಗುದ್ದು ಬರುತ್ತದೆ, ಮಿಂಚು ಬರುವುದಿಲ್ಲ. ಫಲಿತಾಂಶ ಕಣ್ಣಿಗೇ ಕಾಣುವುದರಿಂದ ಇದು ತುಂಬ ಪ್ರಾಮಾಣಿಕವಾದ ಪರೀಕ್ಷೆ. ಪ್ರಾಕ್ಟೀಸ್ ಮೋಡ್‌ನಲ್ಲಿ ಎರಡೂ ಆವೃತ್ತಿಗಳಲ್ಲಿ ಐವತ್ತು ಐವತ್ತು ಸಲ ಪ್ರಯತ್ನಿಸಿ, ಮಿಂಚು ಬಂದದ್ದಕ್ಕೆ ಗೆರೆ ಎಳೆಯುತ್ತ ಹೋಗಿ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಆಡಿದರೆ ಬೆರಳಿನ ದಣಿವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಹತ್ತು ಹಳೆಯದರಲ್ಲಿ, ಹತ್ತು ಹೊಸದರಲ್ಲಿ ಎಂದು ಬದಲಿಸುತ್ತ ಆಡಿ. ಎರಡು ಕನ್ಸೋಲ್‌ಗಳ ಕಂಟ್ರೋಲರ್ ಬೇರೆಬೇರೆಯಾದ್ದರಿಂದ, ಹೊಸ ಕಂಟ್ರೋಲರ್‌ನ ದಿಕ್ಕಿನ ಬಟನ್‌ಗೆ ಹೆಬ್ಬೆರಳು ಒಗ್ಗುವಷ್ಟು ಹೊತ್ತು ಮೊದಲೇ ಆಡಿಕೊಂಡಿರುವುದು ನ್ಯಾಯ.

ಸ್ಟ್ರೀಟ್ ಫೈಟರ್ 3 ಥರ್ಡ್ ಸ್ಟ್ರೈಕ್ ಆಡುವವರು ಪ್ಯಾರಿಯನ್ನು, ಅಂದರೆ ಹೊಡೆತ ತಗಲುವ ಕ್ಷಣದಲ್ಲೇ ಅದನ್ನು ತಡೆಯುವ ಚಲನೆಯನ್ನು ಆರಿಸಿಕೊಳ್ಳಬಹುದು. 2004ರ ಎವೊ ಎಂಬ ಫೈಟಿಂಗ್ ಗೇಮ್ ಪಂದ್ಯಾವಳಿಯಲ್ಲಿ ದೈಗೊ ಉಮೆಹಾರ ಅವರು ಜಸ್ಟಿನ್ ವಾಂಗ್ ಆಡಿಸುತ್ತಿದ್ದ ಚುನ್ ಲಿ ಎಂಬ ಪಾತ್ರ ಸುರಿಸಿದ ಹೊಡೆತಗಳ ಸರಣಿಯನ್ನು ಒಂದೊಂದಾಗಿ ತಡೆದು, ತೀರಾ ಅಳಿದುಳಿದ ಪ್ರಾಣದಲ್ಲಿ ಸುತ್ತನ್ನು ಗೆದ್ದುಕೊಂಡದ್ದು ಆ ಚಲನೆಯಿಂದ. 2011ರ ಆನ್‌ಲೈನ್ ಎಡಿಷನ್‌ನಲ್ಲಿ ಆ ಕ್ಷಣವನ್ನೇ ಅಭ್ಯಾಸವಾಗಿ ಇಟ್ಟಿದ್ದಾರೆ. ರೀಮಾಸ್ಟರ್ ಮಾಡುವವರು ತಮ್ಮ ಆಟಗಾರರನ್ನು ಬಲ್ಲರು ಎಂಬುದಕ್ಕೆ ಅದು ನನಗೆ ಪ್ರಿಯವಾದ ಸಾಕ್ಷಿ.

ಆರನೆಯ ಹಂತ: ಚಿತ್ರ ಬದಲಾದಾಗ ನಿಯಮವೂ ಬದಲಾಗಿದೆಯೇ

ಈ ಹಂತವನ್ನು ಅರ್ಥಮಾಡಿಕೊಳ್ಳಲು 1994ರ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ ಮತ್ತು 2008ರ ಅದರ ಎಚ್‌ಡಿ ರೀಮಿಕ್ಸ್ ಜೋಡಿಯಷ್ಟು ಒಳ್ಳೆಯ ಪಾಠ ಬೇರೊಂದಿಲ್ಲ. ಮೂಲದ ಚಿತ್ರ ಅಡ್ಡಕ್ಕೆ 384, ಉದ್ದಕ್ಕೆ 224 ಚುಕ್ಕೆಗಳದು. ಎಚ್‌ಡಿ ರೀಮಿಕ್ಸ್‌ಗಾಗಿ ಉಡಾನ್ ಸಂಸ್ಥೆಯ ಕಲಾವಿದರು ಹೋರಾಟಗಾರರ ಪ್ರತಿಯೊಂದು ಭಂಗಿಯನ್ನೂ ಹೊಸದಾಗಿ ಬರೆದರು. ಆದರೆ ಭಂಗಿಗಳ ಸಂಖ್ಯೆಯನ್ನು ಹೆಚ್ಚಿಸಲಿಲ್ಲ. ಹೆಚ್ಚಿಸಿದ್ದರೆ ಹೊಡೆತಗಳ ಸಮಯವೇ ಬದಲಾಗುತ್ತಿತ್ತು. ಹೀಗಾಗಿ ನುಣುಪಾದ ಚಿತ್ರ ಹಳೆಯ ಎಣಿಕೆಯ ಭಂಗಿಗಳಲ್ಲಿ ಚಲಿಸುವುದನ್ನು ನೋಡಿದಾಗ ಸ್ವಲ್ಪ ಕುಂಟಿದಂತೆ ಅನಿಸುತ್ತದೆ. ಅದು ಅಸಡ್ಡೆಯಲ್ಲ, ಆಟವನ್ನು ಉಳಿಸಿಕೊಳ್ಳಲು ತೆತ್ತ ಬೆಲೆ.

ಅದೇ ವೇಳೆಗೆ ನಿಯಮಗಳನ್ನು ಮುಟ್ಟದೆಯೂ ಬಿಡಲಿಲ್ಲ. ಈ ಆವೃತ್ತಿಯ ವಿನ್ಯಾಸಕ ಡೇವಿಡ್ ಸರ್ಲಿನ್ ಅವರು ಹೋರಾಟಗಾರರ ಬಲಾಬಲವನ್ನು ತಿದ್ದಿದರು, ಕೆಲವು ಕಠಿಣ ಚಲನೆಗಳ ಕಮಾಂಡ್‌ಗಳನ್ನು ಸುಲಭಗೊಳಿಸಿದರು. ಹಳೆಯ ನಿಯಮದಲ್ಲಿಯೇ ಆಡಬೇಕೆನ್ನುವವರಿಗೆ ಕ್ಲಾಸಿಕ್ ಮೋಡನ್ನೂ ಇಟ್ಟರು. ಇಂಥ ಆಯ್ಕೆ ಇರುವ ರೀಮಾಸ್ಟರ್‌ನಲ್ಲಿ ಮೊದಲು ಹಳೆಯ ನಿಯಮ ಆರಿಸಿಕೊಂಡು ಹೋಲಿಸಿ, ಹೊಸ ನಿಯಮವನ್ನು ಆಮೇಲೆ ಪ್ರತ್ಯೇಕವಾಗಿ ನೋಡಿ. ಎರಡನ್ನೂ ಕಲಸಿದರೆ ಯಾವ ದೂರು ಯಾವುದರ ಮೇಲೆಂದು ನಿಮಗೇ ತಿಳಿಯದಾಗುತ್ತದೆ.

ನಿಮ್ಮ ಆಟದಲ್ಲಿ ಪರೀಕ್ಷಿಸಲು, ನೀವು ದಿನವೂ ಬಳಸುವ ಹತ್ತು ಹೊಡೆತಗಳನ್ನು ಬರೆದು, ಪ್ರಾಕ್ಟೀಸ್ ಮೋಡ್‌ನಲ್ಲಿ ಪ್ರತಿಯೊಂದರಿಂದ ಎದುರಾಳಿಯ ಪ್ರಾಣಕ್ಕೆ ಆಗುವ ನಷ್ಟವನ್ನು ಎರಡೂ ಕಡೆ ನೋಡಿ. ಸಂಖ್ಯೆ ತೋರಿಸದ ಆಟವಾದರೆ, ಪ್ರಾಣಪಟ್ಟಿ ಖಾಲಿಯಾಗಲು ಅದೇ ಹೊಡೆತ ಎಷ್ಟು ಸಲ ಬೇಕೆಂದು ಎಣಿಸಿ. ಬಳಿಕ ತಗಲುವ ದೂರ. ಪ್ರತಿಯೊಂದು ಹೊಡೆತಕ್ಕೂ ಪರದೆಯಲ್ಲಿ ಕಾಣದ ಒಂದು ಚೌಕವಿರುತ್ತದೆ. ಆಟ ಲೆಕ್ಕ ಹಾಕುವುದು ಆ ಚೌಕವನ್ನು, ಬರೆದ ಕಾಲನ್ನಲ್ಲ. ಕಾಲಿನ ಚಿತ್ರ ಹೊಸದಾಗಿ ಬರೆಯುವಾಗ ಸ್ವಲ್ಪ ಉದ್ದವಾಗಿದ್ದರೂ ಚೌಕ ಹಳೆಯದೇ ಇದ್ದರೆ, ತಗಲಿದಂತೆ ಕಂಡ ಒದೆ ತಗಲುವುದಿಲ್ಲ. ಎದುರಾಳಿಯನ್ನು ನಿಲ್ಲಿಸಿ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ, ಒದೆ ತಪ್ಪುವ ಮೊದಲ ಜಾಗವನ್ನು ನೆಲದ ಯಾವುದಾದರೂ ಗುರುತಿಗೆ ಹೊಂದಿಸಿ ನೋಡಿ.

ಪರದೆಯ ಆಕಾರವೂ ದೂರದ ಅಂದಾಜನ್ನು ಕೆಡಿಸುತ್ತದೆ. ಹಳೆಯ ಆಟ 4:3 ಪರದೆಯದು. ಅದನ್ನು 16:9 ಟಿವಿ ತುಂಬ ಎಳೆದರೆ ಅಡ್ಡದ ದೂರವೆಲ್ಲ ಮೂರನೆಯ ಒಂದು ಪಾಲು ಹಿಗ್ಗಿ ಕಾಣುತ್ತದೆ. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ, 4:3ರಲ್ಲಿಯೇ ಇಡಿ.

ಏಳನೆಯ ಹಂತ: ಆನ್‌ಲೈನ್

ಟೆಕ್ಕನ್ ಟ್ಯಾಗ್‌ನ ಎಚ್‌ಡಿ ರೂಪದಲ್ಲಿ ಆನ್‌ಲೈನ್ ಆಟವೇ ಇಲ್ಲವಾದ್ದರಿಂದ ನಮ್ಮ ಮನೆಯಲ್ಲಿ ಈ ಪ್ರಶ್ನೆ ಏಳಲಿಲ್ಲ. ಆದರೆ ಊರಿನಲ್ಲಿ ಒಬ್ಬರು, ಬೆಂಗಳೂರಿನಲ್ಲಿ ಇನ್ನೊಬ್ಬರು ಇರುವ ಕುಟುಂಬಗಳಿಗೆ ರೀಮಾಸ್ಟರ್ ಕೊಳ್ಳಲು ಇದೇ ಮುಖ್ಯ ಕಾರಣವಾಗಬಹುದು. ಆನ್‌ಲೈನ್ ಪದ್ಧತಿ ಎರಡು ಬಗೆ. ಒಂದು, ಎದುರಾಳಿಯ ಬಟನ್ ಬಂದು ತಲುಪುವವರೆಗೆ ನಿಮ್ಮದನ್ನೂ ತಡೆಹಿಡಿಯುವುದು. ಸಂಪರ್ಕ ಕೆಟ್ಟಂತೆ ಆಟವೂ ಭಾರವಾಗುತ್ತದೆ. ಇನ್ನೊಂದು ರೋಲ್‌ಬ್ಯಾಕ್: ಎದುರಾಳಿ ಏನು ಒತ್ತಿರಬಹುದೆಂದು ಊಹಿಸಿ ಆಟವನ್ನು ಮುಂದುವರಿಸಿ, ಊಹೆ ತಪ್ಪಾದರೆ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುವುದು. ವರ್ಚುವಾ ಫೈಟರ್ 5ರ 2021ರ ರೀಮಾಸ್ಟರ್ ಮೊದಲನೆಯ ಬಗೆಯದು. 2025ರ ಜನವರಿಯಲ್ಲಿ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂದ ರೆವೊ ಆವೃತ್ತಿ ಎರಡನೆಯದು. ಗಿಲ್ಟಿ ಗೇರ್ ಎಕ್ಸ್‌ಎಕ್ಸ್ ಆಕ್ಸೆಂಟ್ ಕೋರ್ ಪ್ಲಸ್ ಆರ್ ಎಂಬ ಹಳೆಯ ಆಟಕ್ಕೆ 2020ರಲ್ಲಿ ಚಿತ್ರವನ್ನು ಮುಟ್ಟದೆ ರೋಲ್‌ಬ್ಯಾಕ್ ಮಾತ್ರ ಸೇರಿಸಿದರು, ಆಟಕ್ಕೆ ಹೊಸ ಜೀವ ಬಂತು. ನನ್ನ ಮಟ್ಟಿಗೆ, ಕಾಫಿ ತೋಟದ ನಡುವಿನ ಮನೆಯಿಂದ ಆಡುವವರಿಗೆ ನಾಲ್ಕು ಪಟ್ಟು ಸ್ಪಷ್ಟವಾದ ಚಿತ್ರಕ್ಕಿಂತ ರೋಲ್‌ಬ್ಯಾಕ್ ಹೆಚ್ಚು ಬೆಲೆಬಾಳುತ್ತದೆ.

ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 250 ಕಿಲೋಮೀಟರು. ಫೈಬರ್ ಕೇಬಲಿನಲ್ಲಿ ಬೆಳಕು ಆ ದೂರವನ್ನು ಹೋಗಿ ಬರಲು ಮೂರು ಮಿಲಿಸೆಕೆಂಡೂ ಹಿಡಿಯುವುದಿಲ್ಲ. ನಮ್ಮ ಕಡೆ ತೊಂದರೆ ಇರುವುದು ದೂರದಲ್ಲಲ್ಲ, ಮನೆಗೆ ಬರುವ ಕೊನೆಯ ಹಾದಿಯಲ್ಲಿ: ಮೊಬೈಲ್ ಟವರಿನ ಸಿಗ್ನಲ್, ದಪ್ಪ ಗೋಡೆ ದಾಟಬೇಕಾದ ವೈಫೈ, ಮರ ಬಿದ್ದು ತಂತಿ ಹರಿದಾಗಿನ ಕಡಿತ. ರೂಟರಿನಿಂದ ಕೇಬಲ್ ಎಳೆದು, ರೂಟರಿಗೂ ಕನ್ಸೋಲಿಗೂ ಯುಪಿಎಸ್ ಕೊಟ್ಟು, ಒಬ್ಬನೇ ಎದುರಾಳಿಯೊಂದಿಗೆ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ, ಜೋರು ಮಳೆಯಲ್ಲಿ ಒಮ್ಮೆ ಆಡಿ ನೋಡಿದ ಮೇಲೆ ಆಟದ ಆನ್‌ಲೈನ್ ಬಗ್ಗೆ ಮಾತಾಡಿ.

ಎಂಟನೆಯ ಹಂತ: ಏನು ಸೇರಿತು, ಏನು ಬಿಟ್ಟುಹೋಯಿತು

ಇದು ಬೇಗ ಮುಗಿಯುವ ಕೆಲಸ. ಹೋರಾಟಗಾರರ ಆಯ್ಕೆ ಪರದೆ, ಮೋಡ್‌ಗಳ ಪಟ್ಟಿ, ಎರಡನ್ನೂ ಫೋಟೊ ತೆಗೆದು ಪಕ್ಕದಲ್ಲಿಟ್ಟು ನೋಡಿದರೆ ಸಾಕು. 2003ರಲ್ಲಿ ಸೋಲ್‌ಕ್ಯಾಲಿಬರ್ 2 ಮೂರು ಕನ್ಸೋಲ್‌ಗಳಿಗೆ ಬಂದಾಗ ಪ್ಲೇಸ್ಟೇಷನ್ 2ರಲ್ಲಿ ಹೇಹಾಚಿ, ಎಕ್ಸ್‌ಬಾಕ್ಸ್‌ನಲ್ಲಿ ಸ್ಪಾನ್, ಗೇಮ್‌ಕ್ಯೂಬ್‌ನಲ್ಲಿ ಲಿಂಕ್ ಅತಿಥಿ ಹೋರಾಟಗಾರರಾಗಿದ್ದರು. 2013ರ ಎಚ್‌ಡಿ ಆನ್‌ಲೈನ್‌ನಲ್ಲಿ ಮೊದಲಿನ ಇಬ್ಬರಿದ್ದಾರೆ, ಲಿಂಕ್ ಇಲ್ಲ. ಲಿಂಕ್‌ನಲ್ಲಿ ಪಳಗಿದವರಿಗೆ ಉಳಿದ ಏಳು ಹಂತಗಳ ಫಲ ಎಷ್ಟೇ ಚೆನ್ನಾಗಿ ಬಂದರೂ ಹಳೆಯ ಡಿಸ್ಕೇ ಬೇಕು.

ಹೋಲಿಕೆ ಮುಗಿದ ಮೇಲೆ ಹಳೆಯದನ್ನು ಮಾರುವ ಯೋಚನೆಯಿದ್ದರೆ ಒಂದು ಮಳೆಗಾಲ ತಡೆಯಿರಿ. ಮೆಮೊರಿ ಕಾರ್ಡಿನಲ್ಲಿರುವ ದಾಖಲೆಗಳು ಹೊಸ ಆವೃತ್ತಿಗೆ ತಾವಾಗಿ ಬರುವುದಿಲ್ಲ. ನಿಮ್ಮ ಗೆಲುವುಗಳ ಪುಟಗಳನ್ನು ಪರದೆಯಿಂದಲೇ ಫೋಟೊ ತೆಗೆದಿಟ್ಟುಕೊಳ್ಳಿ. ಡಿಸ್ಕು, ಕಾರ್ಡು, ಕಂಟ್ರೋಲರ್ ಮೂರನ್ನೂ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಾಕಿ, ಮಳೆ ಜೋರಾಗುವ ಕಕ್ಕಡ ತಿಂಗಳು ಬರುವ ಮೊದಲೇ ಒಳಗಿನ ಕೋಣೆಯ ಕಪಾಟಿನಲ್ಲಿ ಇಡಿ. ನಮ್ಮ ಮನೆಯ ಡಬ್ಬದ ಮುಚ್ಚಳದ ಒಳಬದಿಗೆ ಆ ಐವತ್ತು ಐವತ್ತು ಗೆರೆಗಳ ಕಾಗದ ಅಂಟಿಸಿದ್ದೇವೆ. ಕೈಲ್‌ಪೊಳ್ದ್‌ಗೆ ಡಬ್ಬ ತೆರೆದವರು ಮೊದಲು ನೋಡುವುದು ಅದನ್ನೇ.